ವಿಕಲಚೇತನ ರೋಗಿಯೊಡನೆ ಸಂವಹನ: ಇದನ್ನೇ ಕಲಿಸುವ ನರ್ಸಿಂಗ್ ಪ್ರಾಧ್ಯಾಪಕರಾಗುವ ಬಗೆ

ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳ ನರ್ಸಿಂಗ್ ಕಾಲೇಜುಗಳಲ್ಲಿ ಈಗಷ್ಟೇ ಪಾಠ ಹೇಳಲು ತೊಡಗಿರುವವರಿಗಾಗಿ, ವಾರ್ಡಿನಲ್ಲಿ ದುಡಿಯುತ್ತ ಮುಂದೆ ಎಂ.ಎಸ್ಸಿ. ಮಾಡಿ ಅಧ್ಯಾಪಕರಾಗಬೇಕೆಂದು ಮನಸ್ಸಿನಲ್ಲಿಟ್ಟುಕೊಂಡಿರುವ ಸ್ಟಾಫ್ ನರ್ಸುಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ರೋಗಿಯೊಡನೆ ಮಾತುಕತೆ ನಡೆಸುವ ವಿದ್ಯೆ ಮತ್ತು ಅಂಗವೈಕಲ್ಯ ಇರುವವರನ್ನು ಹೊರಗಿಡದ ಶುಶ್ರೂಷೆ, ಈ ಎರಡನ್ನೇ ಹಿಡಿದು ಒಂದು ಇಡೀ ವೃತ್ತಿಜೀವನವನ್ನು ಕಟ್ಟಿಕೊಳ್ಳಬಹುದು. ಹೃದ್ರೋಗ ಶುಶ್ರೂಷೆಗೆ, ತಾಯಿ-ಮಗುವಿನ ಆರೈಕೆಗೆ ತಜ್ಞರಿರುವಂತೆ ಇದಕ್ಕೂ ತಜ್ಞರು ಬೇಕು, ಮತ್ತು ನಮ್ಮ ಭಾಗದಲ್ಲಿ ಅಂಥವರು ತೀರ ಕಡಿಮೆ. ಬಿ.ಪಿ. ನೋಡುವುದನ್ನೂ ಕ್ಯಾಥೆಟರ್ ಹಾಕುವುದನ್ನೂ ನಾವು ಹೇಳಿಕೊಟ್ಟು, ಕೈಯಿಂದ ಮಾಡಿಸಿ, ಕೊನೆಗೆ ಪರೀಕ್ಷೆಯಲ್ಲಿ ಅಂಕ ಕೊಟ್ಟು ಕಲಿಸುತ್ತೇವೆ; ಕಿವಿ ಕೇಳಿಸದ ತಾಯಿಗೆ ಔಷಧದ ವಿವರ ತಿಳಿಸುವುದನ್ನು ಮಾತ್ರ ವಿದ್ಯಾರ್ಥಿಯ ಒಳ್ಳೆಯತನಕ್ಕೆ ಬಿಟ್ಟುಬಿಡುತ್ತೇವೆ. ಅದನ್ನೂ ಉಳಿದ ಕೌಶಲಗಳ ಸಾಲಿಗೆ ತಂದು ನಿಲ್ಲಿಸುವುದೇ ಈ ದಾರಿಯ ಕೆಲಸ.

ಈ ಕೆಲಸಕ್ಕೆ ಕಾನೂನಿನ ಬೆಂಬಲ ಗಟ್ಟಿಯಾಗಿದೆ, ಅದನ್ನು ಅಧ್ಯಾಪಕರು ಬಾಯಿಪಾಠದಂತೆ ತಿಳಿದಿರಬೇಕು. 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನಷ್ಟೇ ಹೆಸರಿಸಿತ್ತು. ಅದರ ಬದಲಿಗೆ ಬಂದ 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸುತ್ತದೆ, ಅವುಗಳಲ್ಲಿ ಥಲಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಕಾಯಿಲೆ, ಪಾರ್ಕಿನ್ಸನ್ ಕಾಯಿಲೆ, ಆ್ಯಸಿಡ್ ದಾಳಿಗೆ ಒಳಗಾದವರ ಸ್ಥಿತಿಯೂ ಸೇರಿವೆ. ಆ ಕಾಯ್ದೆಯ 25ನೆಯ ಕಲಂ ಸರಕಾರಿ ಹಾಗೂ ಖಾಸಗಿ ಆಸ್ಪತ್ರೆಗಳ ಎಲ್ಲ ಭಾಗಗಳಿಗೂ ಅಡೆತಡೆಯಿಲ್ಲದ ಪ್ರವೇಶ ಇರಬೇಕೆಂದೂ, ತಪಾಸಣೆ ಮತ್ತು ಚಿಕಿತ್ಸೆಯಲ್ಲಿ ಆದ್ಯತೆ ಸಿಗಬೇಕೆಂದೂ ಹೇಳುತ್ತದೆ. 47ನೆಯ ಕಲಂ ನಮಗೆ ಇನ್ನೂ ಹತ್ತಿರದ್ದು: ವೈದ್ಯರು, ನರ್ಸುಗಳು, ಅರೆವೈದ್ಯಕೀಯ ಸಿಬ್ಬಂದಿಯ ಶಿಕ್ಷಣದಲ್ಲಿ ಅಂಗವೈಕಲ್ಯವನ್ನು ಒಂದು ಭಾಗವಾಗಿ ಸೇರಿಸಬೇಕೆಂದು ಅದು ವಿಧಿಸುತ್ತದೆ. ಸಂವಹನ ಎಂದರೆ ಏನೇನು ಎಂಬುದನ್ನು ವಿವರಿಸುವಾಗ ಈ ಕಾಯ್ದೆ ಬ್ರೈಲ್, ಸಂಜ್ಞಾಭಾಷೆ, ದೊಡ್ಡ ಅಕ್ಷರದ ಮುದ್ರಣಗಳ ಜೊತೆಗೆ ಸರಳ ಭಾಷೆಯನ್ನೂ, ಓದಿ ಹೇಳುವ ಮನುಷ್ಯನನ್ನೂ ಸೇರಿಸಿದೆ. ಪ್ರಾಂಶುಪಾಲರ ಮುಂದೆ ನಿಮ್ಮ ಪ್ರಸ್ತಾವ ಇಡುವಾಗ ಈ ಮೂರು ಅಂಶಗಳು ಅರ್ಧ ಕೆಲಸ ಮಾಡುತ್ತವೆ.

ವಾರ್ಡಿನಲ್ಲಿ ಕಲಿಯಬೇಕಾದದ್ದು

ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಆದ ಮೇಲೆ ಎಂ.ಎಸ್ಸಿ.ಗೆ ಸೇರಲು ಕನಿಷ್ಠ ಒಂದು ವರ್ಷದ ಅನುಭವ ಬೇಕು. ಆ ವರ್ಷವನ್ನು ಪ್ರಮಾಣಪತ್ರಕ್ಕಾಗಿ ಕಳೆಯಬೇಡಿ. ಜಿಲ್ಲಾ ಮಟ್ಟದ ಬೋಧಕ ಆಸ್ಪತ್ರೆಯೊಂದರಲ್ಲಿ, ರೋಗಿಗಳ ದಟ್ಟಣೆ ಇರುವ ಕಡೆ ಕೆಲಸ ಹುಡುಕಿ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಂಥ ಕಡೆಗಳಲ್ಲಿ ಸುತ್ತಲ ಹಳ್ಳಿ-ತಾಂಡಾಗಳಿಂದ ಬರುವ ಜನರ ಮಾತು, ಮೌನ, ಸನ್ನೆ ಎಲ್ಲವೂ ಕಾಣಸಿಗುತ್ತವೆ. ಇಲ್ಲಿನ ಒಂದೇ ವಾರ್ಡಿನಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು, ಲಂಬಾಣಿ ಭಾಷೆಗಳು ಕಿವಿಗೆ ಬೀಳುತ್ತವೆ. ಆದ್ದರಿಂದ ಅಂಗವೈಕಲ್ಯದ ಮಾತಿಗೆ ಮೊದಲು ಊರ ಮಾತು ಕಲಿಯಬೇಕು. ‘ಹೊಟ್ಟಿ ಕಡೀತದ’ ಎನ್ನುವವರ ನೋವೂ ‘ಹೊಟ್ಟಿ ಉರೀತದ’ ಎನ್ನುವವರ ನೋವೂ ಬೇರೆ ಬೇರೆ. ಕೇಸ್ ಶೀಟಿನಲ್ಲಿ ಎರಡನ್ನೂ ‘ಹೊಟ್ಟೆನೋವು’ ಎಂದು ಬರೆದರೆ ವೈದ್ಯರಿಗೆ ಸಿಗಬೇಕಾದ ಸುಳಿವು ಅಲ್ಲೇ ಕಳೆದುಹೋಗುತ್ತದೆ. ಸೊನ್ನೆಯಿಂದ ಹತ್ತರವರೆಗಿನ ನೋವಿನ ಮಾಪಕವನ್ನು ಶಾಲೆ ಮೆಟ್ಟಿಲು ಹತ್ತದ ಅಜ್ಜನ ಮುಂದೆ ಹಿಡಿದರೆ ಆತ ಸುಮ್ಮನೆ ತಲೆಯಾಡಿಸುತ್ತಾನೆ, ಆದರೆ ‘ಎಷ್ಟಾಣೆ ಆರಾಮ ಆಗೇದ್ರಿ?’ ಎಂದು ಕೇಳಿದರೆ ‘ಎಂಟಾಣೆ ಆರಾಮ ಅದ’ ಎಂದು ತಕ್ಷಣ ಹೇಳುತ್ತಾನೆ. ಅದೂ ಮಾಪಕವೇ.

ಒಂದು ನೋಟುಪುಸ್ತಕ ಇಟ್ಟುಕೊಂಡು ಪ್ರತಿ ಪುಟದಲ್ಲಿ ಮೂರು ಕಂಬಸಾಲು ಹಾಕಿ: ಪ್ರಶ್ನೆಯನ್ನು ಯಾರಿಗೆ ಕೇಳಲಾಯಿತು, ಉತ್ತರ ಕೊಟ್ಟವರು ಯಾರು, ಆ ಹೊತ್ತಿನಲ್ಲಿ ರೋಗಿ ಏನು ಮಾಡುತ್ತಿದ್ದರು. ಹೊರರೋಗಿ ವಿಭಾಗದಲ್ಲಿ ಒಂದು ಮುಂಜಾನೆ ಕುಳಿತು ಇದನ್ನು ತುಂಬಿದರೆ ಸಾಕು, ನೀವು ಮುಂದೆ ಕಲಿಸಬೇಕಾದ ಪಠ್ಯದ ಬಹುಭಾಗ ನಿಮ್ಮ ಕಣ್ಣಿಗೇ ಬೀಳುತ್ತದೆ. ಗಾಲಿಕುರ್ಚಿಯಲ್ಲಿ ಕುಳಿತಿರುವ ಬಿ.ಎ. ಓದಿದ ಯುವಕನ ತಲೆಯ ಮೇಲಿಂದ ‘ಇವರಿಗೆ ಎಷ್ಟು ದಿನದಿಂದ ಜ್ವರ?’ ಎಂದು ಅಣ್ಣನನ್ನು ಕೇಳುತ್ತಾರೆ. ಕಿವಿ ಕೇಳಿಸದ ಬಸುರಿಯ ಮುಟ್ಟಿನ ಲೆಕ್ಕವನ್ನು ಅತ್ತೆ ಹೇಳುತ್ತಾರೆ. ಅತ್ತೆ ಹೇಳಿದ ತಾರೀಖು ತಪ್ಪಾದರೆ ಹೆರಿಗೆಯ ದಿನವೇ ತಪ್ಪುತ್ತದೆ, ಸ್ಕ್ಯಾನಿನ ಅರ್ಥವೂ ಬದಲಾಗುತ್ತದೆ. ಅಂದರೆ ಇದು ಗೌರವದ ಪ್ರಶ್ನೆಯಾಗಿರುವಷ್ಟೇ ಸರಿಯಾದ ಚಿಕಿತ್ಸೆಯ ಪ್ರಶ್ನೆಯೂ ಹೌದು, ಇದನ್ನು ವಿದ್ಯಾರ್ಥಿಗಳ ಮುಂದೆ ಇದೇ ರೀತಿ ಇಡಬೇಕು.

ಕಿವಿ ಕೇಳಿಸದವರ ಆರೈಕೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ವಾರ್ಡುಗಳಲ್ಲಿ ಅತಿ ಹೆಚ್ಚು ತೊಡಕು ಕಾಣುವುದು ಇಲ್ಲಿಯೇ. ಕಿಟಕಿಗೆ ಬೆನ್ನು ಹಾಕಿ ನಿಂತರೆ ನಿಮ್ಮ ಮುಖ ಅವರಿಗೆ ಬರೀ ನೆರಳು. ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ನಿಲ್ಲಿ. ಸೋಂಕಿನ ಅಪಾಯ ಇಲ್ಲದ ಕಡೆ ಮಾಸ್ಕ್ ಇಳಿಸಿ ಮಾತಾಡಿ. ಕೂಗಬೇಡಿ, ಕೂಗುವಾಗ ತುಟಿಯ ಆಕಾರ ಕೆಟ್ಟು ಓದಲು ಇನ್ನಷ್ಟು ಕಷ್ಟವಾಗುತ್ತದೆ. ಕರೆಯಬೇಕಾದರೆ ಕೈ ಬೀಸಿ, ಇಲ್ಲವೇ ಭುಜವನ್ನು ಮೆಲ್ಲಗೆ ಮುಟ್ಟಿ. ಬರೆದು ತೋರಿಸುವುದು ಒಳ್ಳೆಯ ಉಪಾಯವಾದರೂ ಎಲ್ಲರಿಗೂ ಆಗದು, ಹಳ್ಳಿಗಳಲ್ಲಿ ಕಿವಿ ಕೇಳಿಸದ ಅನೇಕ ಹಿರಿಯರಿಗೆ ಶಾಲೆಯ ಅವಕಾಶವೇ ಸಿಕ್ಕಿಲ್ಲ, ಅವರು ಭಾರತೀಯ ಸಂಜ್ಞಾಭಾಷೆಯನ್ನೂ ಕಲಿತಿರುವುದಿಲ್ಲ. ಮನೆಯವರ ನಡುವೆ ಬೆಳೆದ ಸನ್ನೆಗಳೇ ಅವರ ಭಾಷೆ. ಅಂಥವರ ವಿಷಯದಲ್ಲಿ ಆ ಸನ್ನೆ ಬಲ್ಲ ಒಬ್ಬರನ್ನು ಗುರುತಿಸಿ ಸಹಾಯ ಪಡೆಯಿರಿ, ಆದರೆ ಎಂಟು-ಹತ್ತು ವರ್ಷದ ಮಗಳನ್ನು ತಾಯಿಯ ಗರ್ಭಕೋಶದ ಕಾಯಿಲೆಗೆ ದುಭಾಷಿಯನ್ನಾಗಿ ಮಾಡಬೇಡಿ. ಸಂಜ್ಞೆಯಿಂದ ಮಾತಾಡುವವರಿಗೆ ಸಲೈನ್ ಹಚ್ಚುವ ಮುನ್ನ ಅವರು ಹೆಚ್ಚಾಗಿ ಬಳಸುವ ಕೈ ಯಾವುದು ಎಂದು ಕೇಳಿ, ಆ ಕೈಯನ್ನು ಬಿಟ್ಟು ಇನ್ನೊಂದಕ್ಕೆ ಸೂಜಿ ಹಾಕಿ. ಬಲಗೈಗೆ ಕ್ಯಾನುಲಾ ಹಾಕಿ ಹಲಗೆ ಕಟ್ಟಿ ಪ್ಲಾಸ್ಟರ್ ಸುತ್ತಿದರೆ ಅವರ ಬಾಯಿ ಕಟ್ಟಿದಂತೆಯೇ ಆಯಿತು.

ಹೆರಿಗೆ ಕೋಣೆಯಲ್ಲಿ ಈ ಸಿದ್ಧತೆಯ ಬೆಲೆ ಎದ್ದು ಕಾಣುತ್ತದೆ. ಚೊಚ್ಚಲ ಹೆರಿಗೆಗೆ ಬಂದ ಕಿವಿ ಕೇಳಿಸದ ಹೆಣ್ಣುಮಗಳೊಬ್ಬಳ ಜೊತೆ ಒಬ್ಬ ಸಿಸ್ಟರ್ ನೋವು ಜೋರಾಗುವ ಮುನ್ನವೇ ಪಕ್ಕ ಕುಳಿತು ಮೂರೇ ಸನ್ನೆಗಳನ್ನು ಗೊತ್ತುಮಾಡಿಕೊಂಡದ್ದನ್ನು ನಾನು ನೋಡಿದ್ದೇನೆ: ಮುಷ್ಟಿ ಬಿಗಿದು ಕೆಳಗೆ ಒತ್ತಿದರೆ ‘ಜೋರು ಮಾಡು’, ಅಂಗೈ ಬಿಚ್ಚಿ ಮುಂದೆ ಹಿಡಿದರೆ ‘ತಡಿ’, ಎದೆಯ ಮೇಲೆ ಕೈ ಇಟ್ಟು ಮೇಲೆ ಕೆಳಗೆ ಆಡಿಸಿದರೆ ‘ಉಸಿರು ತೊಗೊ’. ಆ ಸಿಸ್ಟರ್ ತಾಯಿಯ ಕಾಲ ಬಳಿ ನಿಲ್ಲದೆ, ಇನ್ನೊಬ್ಬರಿಗೆ ಅಲ್ಲಿಯ ಕೆಲಸ ಬಿಟ್ಟು, ಅವಳ ಕಣ್ಣಿಗೆ ಕಾಣುವ ಹಾಗೆ ತಲೆಯ ಪಕ್ಕದಲ್ಲೇ ನಿಂತಿದ್ದರು. ಸುತ್ತ ನಾಲ್ಕು ಜನ ‘ಜೋರ್ ಮಾಡವ್ವಾ’ ಎಂದು ಕೂಗುವುದರಿಂದ ಆಗದ ಕೆಲಸ ಆ ಒಂದು ಮುಷ್ಟಿಯಿಂದ ಆಯಿತು. ವಿದ್ಯಾರ್ಥಿಗಳಿಗೆ ಇದನ್ನು ಕಥೆಯಾಗಿ ಹೇಳಿ ಬಿಡಬೇಡಿ. ಪ್ರಸವಪೂರ್ವ ತಪಾಸಣೆಗೆ ಬಂದಾಗಲೇ ಈ ಸನ್ನೆಗಳನ್ನು ಗೊತ್ತುಮಾಡಿಕೊಂಡು ತಾಯಿ ಕಾರ್ಡಿನಲ್ಲಿ ಬರೆಯುವುದನ್ನು ರೂಢಿ ಮಾಡಿಸಿ.

ಕಣ್ಣು ಕಾಣದವರ ಬಳಿ ಹೋದಾಗಲೆಲ್ಲ ಹೆಸರು, ಕೆಲಸ ಎರಡನ್ನೂ ಹೇಳಬೇಕು, ಹೊರಡುವಾಗಲೂ ಹೇಳಿ ಹೊರಡಬೇಕು, ಇಲ್ಲದಿದ್ದರೆ ಅವರು ಖಾಲಿ ಕೋಣೆಯೊಡನೆ ಮಾತಾಡುತ್ತ ಉಳಿಯುತ್ತಾರೆ. ಮುಟ್ಟುವ ಮುನ್ನ ತಿಳಿಸಿ. ಅವರ ಕೋಲನ್ನು ಜಾಗ ಬದಲಿಸಬೇಡಿ. ಕೈಹಿಡಿದು ಎಳೆಯುವ ಬದಲು ನಿಮ್ಮ ಮೊಣಕೈಯನ್ನು ಅವರು ಹಿಡಿಯಲು ಬಿಡಿ. ಗುಳಿಗೆಯ ಪಟ್ಟಿಗಳನ್ನು ಗುರುತಿಸಲು ರಬ್ಬರ್ ಬ್ಯಾಂಡ್ ಸಾಕು: ಮುಂಜಾನೆಯದಕ್ಕೆ ಒಂದು, ರಾತ್ರಿಯದಕ್ಕೆ ಎರಡು. ಪಟ್ಟಿಯ ಮೂಲೆ ಕತ್ತರಿಸುವ ರೂಢಿ ಕೆಲವರಲ್ಲಿದೆ, ಅದರಿಂದ ಔಷಧದ ಹೆಸರು ಅಥವಾ ಅವಧಿ ಮುಗಿಯುವ ದಿನಾಂಕ ಹಾರಿಹೋಗಬಹುದಾದ್ದರಿಂದ ನಾನು ಅದನ್ನು ಒಪ್ಪುವುದಿಲ್ಲ. ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರವನ್ನು ಪೂರ್ತಿ ಓದಿ ಹೇಳಿದ ಮೇಲೆಯೇ ಸಹಿ ಅಥವಾ ಹೆಬ್ಬೆಟ್ಟು ಪಡೆಯಬೇಕು, ಓದಿ ಹೇಳಿದವರ ಹೆಸರನ್ನೂ ಅಲ್ಲೇ ಬರೆಯಬೇಕು.

ಲಕ್ವಾ ಹೊಡೆದು ಮಾತು ಹೋದವರ ವಿಷಯ ಇನ್ನೊಂದು ಬಗೆಯದು. ಮೆದುಳಿನ ಎಡಭಾಗಕ್ಕೆ ಪೆಟ್ಟಾದಾಗ ಬರುವ ಅಫೇಸಿಯಾದಲ್ಲಿ ಕೆಲವರಿಗೆ ಅರ್ಥವಾಗುತ್ತದೆ, ಶಬ್ದ ಹೊರಡುವುದಿಲ್ಲ. ಕೆಲವರಿಗೆ ಶಬ್ದ ಸರಾಗ, ಅರ್ಥ ಕೂಡುವುದಿಲ್ಲ. ಎರಡರಲ್ಲೂ ಬುದ್ಧಿ ಹೋಗಿದೆ ಎಂದು ತಿಳಿಯುವುದು ತಪ್ಪು. ಹೌದು-ಅಲ್ಲ ಎಂದು ಉತ್ತರಿಸಬಹುದಾದ ಒಂದೇ ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಕಾಯಿರಿ. ಈ ಕಾಯುವುದೇ ನಮ್ಮ ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ಕಠಿಣ, ಆದ್ದರಿಂದ ಅದನ್ನು ಬೇರೆಯಾಗಿಯೇ ಅಭ್ಯಾಸ ಮಾಡಿಸಬೇಕಾಗುತ್ತದೆ. ಎರಡು-ಮೂರು ಭಾಷೆ ಬಲ್ಲವರಲ್ಲಿ ಎಲ್ಲ ಭಾಷೆಗಳೂ ಒಂದೇ ವೇಗದಲ್ಲಿ ಮರಳುವುದಿಲ್ಲ. ಅಂಗಡಿಯಲ್ಲಿ ಕನ್ನಡ, ಮನೆಯಲ್ಲಿ ಉರ್ದು ಆಡುತ್ತಿದ್ದವರಿಗೆ ಎರಡರಲ್ಲೂ ಕೇಳಿ ನೋಡಬೇಕು. ನೀರು, ನೋವು, ಪಾಯಖಾನೆ, ಚಳಿ, ಮನೆಯವರು, ಮಗ್ಗುಲು ಬದಲಿಸಿ, ಹೀಗೆ ಹತ್ತು-ಹನ್ನೆರಡು ಚಿತ್ರಗಳ ಹಲಗೆಯೊಂದನ್ನು ರಟ್ಟಿನ ಮೇಲೆ ಅಂಟಿಸಿ, ಲ್ಯಾಮಿನೇಷನ್ ಮಾಡಿಸಿ, ಸ್ಪಿರಿಟ್ ಹಚ್ಚಿ ಒರೆಸಲು ಬರುವಂತೆ ಮಾಡಿ ಮಂಚಕ್ಕೆ ತೂಗುಹಾಕಿದರೆ ಅದಕ್ಕೆ ದೊಡ್ಡ ಖರ್ಚೇನೂ ಆಗುವುದಿಲ್ಲ. ಚಿತ್ರಗಳಲ್ಲಿ ನಮ್ಮ ಊರಿನ ತಂಬಿಗೆ, ಕೌದಿ ಇರಲಿ. ಬೇರೆ ದೇಶದ ಪುಸ್ತಕದಿಂದ ತೆಗೆದ ಗಾಜಿನ ಲೋಟ, ಕಮೋಡು ಇದ್ದರೆ ಹಳ್ಳಿಯ ಅಜ್ಜಿಗೆ ಗುರುತು ಸಿಗದು.

ಸೆರೆಬ್ರಲ್ ಪಾಲ್ಸಿಯಿಂದ (ಮೆದುಳಿನ ತೊಂದರೆಯಿಂದ ಅಂಗಗಳ ಹಿಡಿತ ತಪ್ಪುವ ಸ್ಥಿತಿ) ಮಾತು ತೊದಲುವವರಿಗೆ ಬುದ್ಧಿಯ ಕೊರತೆ ಇದೆಯೆಂದು ಊಹಿಸಬೇಡಿ, ಅರ್ಥವಾಗದಿದ್ದರೆ ಅರ್ಥವಾದಂತೆ ನಟಿಸದೆ ಮತ್ತೊಮ್ಮೆ ಹೇಳಿಸಿ. ಬೌದ್ಧಿಕ ವೈಕಲ್ಯ ಇರುವ ಹುಡುಗ ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳಲು ಶುರುಮಾಡಿದರೆ ‘ಅವನು ಹಾಗೇ’ ಎಂದು ಬಿಡುವ ಮುನ್ನ ಕಿವಿ, ಹಲ್ಲು, ಹೊಟ್ಟೆ ನೋಡಿ; ಹೊಸ ಕಾಯಿಲೆಯ ಲಕ್ಷಣವನ್ನು ಹಳೆಯ ಅಂಗವೈಕಲ್ಯದ ಲೆಕ್ಕಕ್ಕೆ ಬರೆದುಬಿಡುವುದು ಜಗತ್ತಿನೆಲ್ಲೆಡೆ ಜೀವಕ್ಕೆ ಎರವಾಗಿರುವ ತಪ್ಪು. ನಿಲ್ಲಲಾಗದವರ ತೂಕವನ್ನು ಕಣ್ಣಂದಾಜಿನಲ್ಲಿ ಬರೆಯುವ ಪದ್ಧತಿಯನ್ನೂ ನಿಲ್ಲಿಸಬೇಕು, ಅನೇಕ ಔಷಧಗಳ ಪ್ರಮಾಣ ತೂಕವನ್ನು ಅವಲಂಬಿಸಿರುತ್ತದೆ. ಆಸ್ಪತ್ರೆಯ ಸ್ಟೋರಿನಲ್ಲಿ ಸಾಮಾನು ತೂಗುವ ಅಗಲವಾದ ತಕ್ಕಡಿ ಇದ್ದರೆ ಗಾಲಿಕುರ್ಚಿಯ ಸಮೇತ ತೂಗಿ, ಆಮೇಲೆ ಬರೀ ಕುರ್ಚಿಯ ತೂಕ ಕಳೆಯಿರಿ.

ಎಲ್ಲರಿಗೂ ಅನ್ವಯಿಸುವ ಒಂದು ಕ್ರಮವಿದೆ: ಹೇಳಿದ್ದನ್ನು ರೋಗಿಯಿಂದಲೇ ಮರಳಿ ಹೇಳಿಸುವುದು. ‘ತಿಳೀತೇನ್ರಿ?’ ಎಂದು ಕೇಳಿದರೆ ನಮ್ಮ ಜನ ಮರ್ಯಾದೆಗಾಗಿ ‘ಹೂಂ ರಿ’ ಎನ್ನುತ್ತಾರೆ. ‘ಯವ್ವಾ, ಮನಿಗಿ ಹೋದಮ್ಯಾಲ ಈ ಗುಳಿಗಿ ಹ್ಯಾಂಗ ತೊಗೋಬೇಕಂತ ಸೊಸಿಗಿ ಹೇಳ್ತೀರಲ್ಲ, ಅದನ್ನ ನನಗ ಒಮ್ಮಿ ಹೇಳ್ರಿ’ ಎಂದರೆ ನಾವು ಎಷ್ಟು ಸ್ಪಷ್ಟವಾಗಿ ಹೇಳಿದ್ದೇವೆ ಎಂಬುದು ಗೊತ್ತಾಗುತ್ತದೆ. ಸನ್ನೆಯಿಂದ ಮರಳಿ ತೋರಿಸುವುದೂ, ಗುಳಿಗೆಯನ್ನು ಕೈಯಿಂದ ಆರಿಸಿ ಕೊಡುವುದೂ ಮರಳಿ ಹೇಳಿದಂತೆಯೇ.

ಓದು ಮತ್ತು ಸಂಶೋಧನೆ

ಎಂ.ಎಸ್ಸಿ. ಎರಡು ವರ್ಷದ್ದು. ಇದೇ ವಿಷಯಕ್ಕೆಂದು ಪ್ರತ್ಯೇಕ ವಿಶೇಷ ವಿಭಾಗವಿಲ್ಲದ ಕಾರಣ ಸಮುದಾಯ ಆರೋಗ್ಯ ಅಥವಾ ಮನೋವೈದ್ಯಕೀಯ ಶುಶ್ರೂಷೆಯನ್ನು ಆರಿಸಿಕೊಳ್ಳುವುದು ಒಳಿತು: ಮೊದಲನೆಯದು ಮನೆಮನೆಗೆ ಕರೆದೊಯ್ಯುತ್ತದೆ, ಎರಡನೆಯದು ಕೇಳುವುದನ್ನು ಕಲಿಸುತ್ತದೆ. ನರ್ಸ್ ಮತ್ತು ರೋಗಿಯ ಸಂಬಂಧವೇ ಶುಶ್ರೂಷೆಯ ತಿರುಳು ಎಂದು 1952ರಲ್ಲಿಯೇ ವಾದಿಸಿದ ಹಿಲ್ಡೆಗಾರ್ಡ್ ಪೆಪ್ಲಾವ್ ಮನೋವೈದ್ಯಕೀಯ ಶುಶ್ರೂಷೆಯಿಂದಲೇ ಬಂದವರು. ಈ ಹಾದಿಯಲ್ಲಿ ನಡೆದ ಇಬ್ಬರು ಪ್ರಾಧ್ಯಾಪಕಿಯರ ಕೆಲಸವನ್ನಂತೂ ಹುಡುಕಿ ಓದಿ. ಅಮೆರಿಕದ ಮೇರಿ ಬೆತ್ ಹ್ಯಾಪ್ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ, ಬಳಿಕ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಇದ್ದುಕೊಂಡು ವೆಂಟಿಲೇಟರ್ ಮೇಲಿರುವ, ಬಾಯಿಗೆ ನಳಿಕೆ ಹಾಕಿರುವುದರಿಂದ ಮಾತಾಡಲಾಗದ ರೋಗಿಗಳೊಡನೆ ನರ್ಸುಗಳು ಹೇಗೆ ಸಂವಹನ ನಡೆಸಬಹುದೆಂಬ ಒಂದೇ ಪ್ರಶ್ನೆಯನ್ನು ಹಿಡಿದು ತರಬೇತಿ ಕ್ರಮವನ್ನು ರೂಪಿಸಿದರು. ವಿಲನೋವಾ ವಿಶ್ವವಿದ್ಯಾಲಯದ ಸುಝಾನ್ ಸ್ಮೆಲ್ಟ್ಝರ್ ಅಂಗವೈಕಲ್ಯ ಇರುವವರನ್ನೇ ಮಾದರಿ ರೋಗಿಗಳನ್ನಾಗಿ ತರಗತಿಗೆ ಕರೆತಂದು ನರ್ಸಿಂಗ್ ವಿದ್ಯಾರ್ಥಿಗಳಿಗೆ ಕಲಿಸುವ ಕ್ರಮವನ್ನು ಬೆಳೆಸಿದರು. ಇಬ್ಬರೂ ಒಂದು ಸಣ್ಣ, ಸ್ಪಷ್ಟ ಪ್ರಶ್ನೆಯನ್ನು ಕೈಬಿಡದೆ ಹಿಡಿದದ್ದೇ ನಾವು ಕಲಿಯಬೇಕಾದದ್ದು.

ಪ್ರಬಂಧದ ವಿಷಯ ಆರಿಸುವಾಗ ನಮ್ಮಲ್ಲಿ ಬೇರೂರಿರುವ ಒಂದು ಮಾದರಿಯಿಂದ ದೂರ ಇರಿ. ಪೂರ್ವಪರೀಕ್ಷೆ, ರಚನಾತ್ಮಕ ಬೋಧನಾ ಕಾರ್ಯಕ್ರಮ, ಉತ್ತರಪರೀಕ್ಷೆ ಮಾಡಿ ‘ಜ್ಞಾನ ಹೆಚ್ಚಾಯಿತು’ ಎಂದು ಮುಗಿಸುವ ಪ್ರಬಂಧಗಳು ಕಪಾಟು ತುಂಬಿವೆ. ಪಾಠ ಕೇಳಿದವರು ಮರುದಿನ ಹೆಚ್ಚು ಅಂಕ ತೆಗೆಯುವುದು ಹೊಸ ಸಂಗತಿಯೇನೂ ಅಲ್ಲ. ಅದರ ಬದಲು ವಾರ್ಡಿನಲ್ಲಿ ನಿಂತು ನಡವಳಿಕೆಯನ್ನು ಅಳೆಯಿರಿ: ಚಿತ್ರಹಲಗೆ ಇಟ್ಟ ಮೇಲೆ ನರ್ಸುಗಳು ಅದನ್ನು ಎಷ್ಟು ಸಲ ಕೈಗೆತ್ತಿಕೊಂಡರು, ರೋಗಿಗೆ ನೇರವಾಗಿ ಕೇಳಿದ ಪ್ರಶ್ನೆಗಳು ಹೆಚ್ಚಾದವೇ, ಬಿಡುಗಡೆಯ ವೇಳೆ ಔಷಧದ ಕ್ರಮವನ್ನು ಎಷ್ಟು ಜನ ಸರಿಯಾಗಿ ಮರಳಿ ಹೇಳಿದರು. ಪ್ರಶ್ನಾವಳಿ ತಯಾರಿಸುವ ಹಂತದಲ್ಲೇ ಅಂಗವೈಕಲ್ಯ ಇರುವ ಇಬ್ಬರು-ಮೂವರನ್ನು ಕೂಡಿಸಿಕೊಂಡರೆ ನಿಮಗೆ ಹೊಳೆಯದ ಪ್ರಶ್ನೆಗಳು ಅವರಿಂದ ಬರುತ್ತವೆ. ಸಂಸ್ಥೆಯ ನೈತಿಕತಾ ಸಮಿತಿಗೆ (ಎಥಿಕ್ಸ್ ಕಮಿಟಿ) ಕಳಿಸುವ ಅರ್ಜಿಯಲ್ಲಿ, ಒಪ್ಪಿಗೆಯನ್ನು ಓದಲಾಗದವರಿಂದ, ಕೇಳಲಾಗದವರಿಂದ ಹೇಗೆ ಪಡೆಯುತ್ತೀರಿ ಎಂಬುದನ್ನು ಬಿಡಿಸಿ ಬರೆಯಿರಿ. ಮುಂದೆ ಪಿಎಚ್.ಡಿ. ಮಾಡುವವರಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಮೂಲಕ ನಡೆಯುವ, ನರ್ಸಿಂಗ್ ಪಿಎಚ್.ಡಿ.ಗೆಂದೇ ಇರುವ ರಾಷ್ಟ್ರೀಯ ಕನ್ಸಾರ್ಟಿಯಂ (ಸಂಸ್ಥೆಗಳ ಕೂಟ) ಒಂದು ದಾರಿ. ಹುದ್ದೆಗಳ ವಿಷಯದಲ್ಲಿ ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಸ್ಥಳೀಯ ಮೀಸಲಾತಿ ಇರುವುದರಿಂದ ಇಲ್ಲಿನವರು ಓದಿ ಇಲ್ಲಿಯೇ ನೆಲೆ ನಿಲ್ಲುವ ಅವಕಾಶ ಇದೆ.

ಸಂಜ್ಞಾಭಾಷೆಯನ್ನು ನೀವು ಸ್ವತಃ ಕಲಿಯಲೇಬೇಕು. ದೆಹಲಿಯಲ್ಲಿ 2015ರಲ್ಲಿ ಸ್ಥಾಪನೆಯಾದ ಭಾರತೀಯ ಸಂಜ್ಞಾಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 10,000 ಪದಗಳ ವಿಡಿಯೊ ನಿಘಂಟನ್ನು ಹೊರತಂದಿದೆ, ಅದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಆದರೆ ವಿಡಿಯೊ ನೋಡಿ ಕಲಿತದ್ದು ಕೈಗೆ ಹತ್ತಬೇಕಾದರೆ ಕಿವಿ ಕೇಳಿಸದ ಗೆಳೆಯರೊಡನೆ ವಾರಕ್ಕೊಮ್ಮೆಯಾದರೂ ಕುಳಿತು ಮಾತಾಡಬೇಕು.

ತರಗತಿ ಮತ್ತು ಪರೀಕ್ಷೆ

ಹೊಸ ವಿಷಯವೊಂದು ಪಠ್ಯಕ್ರಮಕ್ಕೆ ಸೇರಲೆಂದು ಕಾಯುತ್ತ ಕೂರುವುದು ಬೇಡ. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಜಾರಿಗೆ ತಂದ ಸೆಮಿಸ್ಟರ್ ಪಠ್ಯಕ್ರಮದ ಮೊದಲ ಸೆಮಿಸ್ಟರಿನಲ್ಲೇ, ನರ್ಸಿಂಗ್ ಫೌಂಡೇಶನ್ ವಿಷಯದೊಳಗೆ, ಸಂವಹನದ ಘಟಕ ಇದೆ. ಅಲ್ಲಿ ‘ಸಂವಹನದ ತೊಡಕುಗಳು’ ಎಂದು ಪಟ್ಟಿ ಬರೆಸಿ ಮುಗಿಸುವ ಹೊತ್ತನ್ನೇ ನೀವು ಬಳಸಿಕೊಳ್ಳಬಹುದು. ಮಕ್ಕಳ ಶುಶ್ರೂಷೆ, ಪ್ರಸೂತಿ, ಸಮುದಾಯ ಆರೋಗ್ಯದ ಸಹೋದ್ಯೋಗಿಗಳೊಡನೆ ಮಾತಾಡಿ ಪ್ರತಿ ವಿಷಯದಲ್ಲೂ ಒಂದೊಂದು ಪ್ರಕರಣದ ರೋಗಿ ಅಂಗವೈಕಲ್ಯ ಇರುವವರಾಗುವಂತೆ ನೋಡಿಕೊಳ್ಳಿ. ಡಯಾಬಿಟಿಸ್ ಪಾಠದಲ್ಲಿ ಇನ್ಸುಲಿನ್ ಡೋಸ್ ಸರಿಯಾಗಿ ಹಾಕಿಕೊಳ್ಳಲು ಕಣ್ಣು ಕಾಣದ ರೋಗಿಗೆ ಕಲಿಸುವುದು ಹೇಗೆಂದು ಕೇಳಿದರೆ, ಅದು ಡಯಾಬಿಟಿಸ್ ಪಾಠವೂ ಹೌದು, ನಮ್ಮ ಪಾಠವೂ ಹೌದು.

ಕಣ್ಣಿಗೆ ಬಟ್ಟೆ ಕಟ್ಟಿಸಿ, ಗಾಲಿಕುರ್ಚಿಯಲ್ಲಿ ಕೂರಿಸಿ ‘ಅವರ ಕಷ್ಟ ಅನುಭವಿಸಿ’ ಎನ್ನುವ ಚಟುವಟಿಕೆ ಅನೇಕ ಕಡೆ ನಡೆಯುತ್ತದೆ. ನಾನು ಅದನ್ನು ಮಾಡಿಸುವುದಿಲ್ಲ. ಅರ್ಧ ಗಂಟೆ ಬಟ್ಟೆ ಕಟ್ಟಿಕೊಂಡ ವಿದ್ಯಾರ್ಥಿನಿಗೆ ಗಾಬರಿಯೂ ಅಯ್ಯೋ ಪಾಪ ಎಂಬ ಭಾವವೂ ಬರುತ್ತವೆಯೇ ಹೊರತು, ವರ್ಷಗಟ್ಟಲೆ ಕಾಣದೆಯೇ ಮನೆ ನಡೆಸಿ, ಅಡುಗೆ ಮಾಡಿ, ಬಸ್ಸು ಹತ್ತಿ ಊರು ಸೇರುವವರ ಜಾಣ್ಮೆ ಅವಳಿಗೆ ತಿಳಿಯುವುದಿಲ್ಲ. ಆ ಅರ್ಧ ಗಂಟೆಯಲ್ಲಿ ಅಂಥವರೊಬ್ಬರನ್ನು ಕರೆಸಿ, ಆಸ್ಪತ್ರೆಗೆ ಹೋದಾಗ ಏನು ಸರಿಹೋಯಿತು, ಏನು ಕೆಟ್ಟಿತು ಎಂದು ಹೇಳಿಸಿ. ಯಾರನ್ನು ಕರೆಯಬೇಕು ಎಂಬ ಪ್ರಶ್ನೆಗೆ ನಮ್ಮ ರಾಜ್ಯದಲ್ಲಿ ಒಳ್ಳೆಯ ಉತ್ತರವಿದೆ. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಡಿ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಗೌರವಧನದ ಮೇಲೆ ಕೆಲಸ ಮಾಡುತ್ತಾರೆ. ಜನ ಅವರನ್ನು ವಿ.ಆರ್.ಡಬ್ಲ್ಯೂ., ಎಂ.ಆರ್.ಡಬ್ಲ್ಯೂ. ಎಂದೇ ಕರೆಯುತ್ತಾರೆ. ಇವರಲ್ಲಿ ಬಹುಪಾಲು ಜನ ಸ್ವತಃ ಅಂಗವೈಕಲ್ಯ ಇರುವವರು, ತಮ್ಮ ಪಂಚಾಯಿತಿಯ ಪ್ರತಿ ಮನೆಯನ್ನು ಬಲ್ಲವರು, ವಿಕಲಚೇತನರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡಿನಿಂದ ಹಿಡಿದು ಪಿಂಚಣಿಯವರೆಗೆ ಕಾಗದಪತ್ರದ ದಾರಿ ಗೊತ್ತಿರುವವರು. ಸಮುದಾಯ ಆರೋಗ್ಯದ ಪೋಸ್ಟಿಂಗಿನಲ್ಲಿ ವಿದ್ಯಾರ್ಥಿಗಳನ್ನು ಇವರ ಜೊತೆ ಮನೆಭೇಟಿಗೆ ಕಳಿಸಿ, ಕಾಲೇಜಿಗೂ ಕರೆಸಿ. ಕರೆಸಿದಾಗ ಅತಿಥಿ ಉಪನ್ಯಾಸಕರಿಗೆ ಕೊಡುವ ಗೌರವಧನ ಮತ್ತು ಪ್ರಯಾಣದ ಖರ್ಚನ್ನು ಅವರಿಗೂ ಕೊಡಬೇಕು. ಶಾಲು, ಹಾರ, ಚಪ್ಪಾಳೆಗಳಿಂದ ಬಸ್ ಚಾರ್ಜು ಹುಟ್ಟುವುದಿಲ್ಲ.

ಪರೀಕ್ಷೆಯಲ್ಲಿ ಬರದ ಪಾಠವನ್ನು ವಿದ್ಯಾರ್ಥಿಗಳು ಓದುವುದಿಲ್ಲ, ಇದು ಎಲ್ಲ ಅಧ್ಯಾಪಕರೂ ಬಲ್ಲ ಸತ್ಯ. 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ಪರಿಚಯಿಸಿದ ಒ.ಎಸ್.ಸಿ.ಇ. ಪದ್ಧತಿ (ವಿದ್ಯಾರ್ಥಿಗಳು ಒಂದೊಂದೇ ಸ್ಟೇಷನ್ನಿಗೆ ಹೋಗಿ ಕೊಟ್ಟ ಕೆಲಸ ಮಾಡಿ ತೋರಿಸುವ ಪ್ರಾಯೋಗಿಕ ಪರೀಕ್ಷೆ) ಈಗ ನಮ್ಮ ಕಾಲೇಜುಗಳಲ್ಲೂ ನಡೆಯುತ್ತಿದೆ. ಆಂತರಿಕ ಮೌಲ್ಯಮಾಪನದ ಒ.ಎಸ್.ಸಿ.ಇ.ಯಲ್ಲಿ ಒಂದು ಸ್ಟೇಷನ್ ಅನ್ನು ಇದಕ್ಕೆ ಬಿಡಿಸಿಕೊಳ್ಳಿ. ಅಂಗವೈಕಲ್ಯ ಇರುವವರೇ ಅಲ್ಲಿ ರೋಗಿಯಾಗಿ ಕೂರಲಿ, ಪಕ್ಕದಲ್ಲಿ ಸಂಬಂಧಿಯ ಪಾತ್ರದಲ್ಲಿ ಇನ್ನೊಬ್ಬರು ಇದ್ದು ಪ್ರತಿ ಪ್ರಶ್ನೆಗೂ ತಾವೇ ಮುಂದಾಗಿ ಉತ್ತರಿಸಲಿ. ವಿದ್ಯಾರ್ಥಿ ಆ ಸಂಬಂಧಿಗೆ ಬೇಸರವಾಗದಂತೆ ಮಾತನ್ನು ಮತ್ತೆ ರೋಗಿಯ ಕಡೆ ತಿರುಗಿಸುವರೇ ಎಂಬುದಕ್ಕೆ ಹೆಚ್ಚು ಅಂಕ ಇಡಿ. ಹೆಸರು ಹೇಳಿ ಪರಿಚಯಿಸಿಕೊಂಡದ್ದು, ಯಾವ ರೀತಿ ಮಾತಾಡಿದರೆ ಅನುಕೂಲ ಎಂದು ಕೇಳಿದ್ದು, ಒಂದೊಂದೇ ಪ್ರಶ್ನೆ ಕೇಳಿ ಕಾದದ್ದು, ಮರಳಿ ಹೇಳಿಸಿದ್ದು, ಕೇಸ್ ಶೀಟಿನಲ್ಲಿ ಬರೆದದ್ದು, ಇವು ಉಳಿದ ಅಂಶಗಳು. ಒಟ್ಟು ಅಂಕದ ಒಂದು ಪಾಲನ್ನು ರೋಗಿಯಾಗಿ ಕುಳಿತವರೇ ಕೊಡಬೇಕು, ಅದಕ್ಕಾಗಿ ಅವರೊಡನೆ ಮೊದಲೇ ಕುಳಿತು ಅಂಕಪಟ್ಟಿಯನ್ನು ತಿದ್ದಬೇಕು. ಪ್ರಾಯೋಗಿಕ ಪರೀಕ್ಷೆ ನಡೆಯುವ ಕೋಣೆ ಮೊದಲ ಮಹಡಿಯಲ್ಲಿದ್ದು ಲಿಫ್ಟ್ ಇಲ್ಲದಿದ್ದರೆ ಇಡೀ ಪರೀಕ್ಷೆಯನ್ನೇ ನೆಲಮಹಡಿಗೆ ತನ್ನಿ.

ಆಸ್ಪತ್ರೆಯಲ್ಲಿ ಉಳಿಯುವಂತೆ ಮಾಡುವುದು

ವಿದ್ಯಾರ್ಥಿಗಳು ತರಗತಿಯಲ್ಲಿ ಕಲಿತದ್ದನ್ನು ವಾರ್ಡು ಒಂದು ವಾರದಲ್ಲಿ ಮರೆಸಬಲ್ಲದು. ಆದ್ದರಿಂದ ನರ್ಸಿಂಗ್ ಸೂಪರಿಂಟೆಂಡೆಂಟ್ ಮತ್ತು ವಾರ್ಡಿನ ಇನ್‌ಚಾರ್ಜ್ ಸಿಸ್ಟರುಗಳನ್ನು ಮೊದಲ ದಿನದಿಂದ ಜೊತೆಗೆ ಕರೆದುಕೊಂಡು ಹೋಗಬೇಕು. ಅವರ ಬಳಿ ಮೂರು ಪುಟದ ಯೋಜನೆ ಒಯ್ಯಬೇಡಿ, ಒಂದೇ ಬದಲಾವಣೆ ಕೇಳಿ: ಕೇಸ್ ಶೀಟಿನ ಮೊದಲ ಪುಟದಲ್ಲಿ, ಔಷಧದ ಅಲರ್ಜಿ ಬರೆಯುವ ಜಾಗದ ಪಕ್ಕದಲ್ಲಿ, ಈ ರೋಗಿಯೊಡನೆ ಮಾತಾಡುವ ಬಗೆ ಯಾವುದು ಎಂಬ ಒಂದು ಸಾಲು. ‘ಎಡಗಿವಿ ಮಾತ್ರ ಕೇಳಿಸುತ್ತದೆ’, ‘ಕಣ್ಣು ಒಮ್ಮೆ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಅಲ್ಲ’, ‘ಓದಬಲ್ಲರು, ದೊಡ್ಡ ಅಕ್ಷರದಲ್ಲಿ ಬರೆಯಿರಿ’. ಡ್ಯೂಟಿ ಬದಲಾಗುವಾಗ ಈ ಸಾಲನ್ನೂ ಓದಿ ಒಪ್ಪಿಸಬೇಕು. ಮಂಚದ ತಲೆಯ ಬಳಿ ಚೀಟಿ ಅಂಟಿಸುವುದಾದರೆ ರೋಗಿಯ ಒಪ್ಪಿಗೆ ಪಡೆದೇ ಅಂಟಿಸಿ, ತಮ್ಮ ಅಂಗವೈಕಲ್ಯವನ್ನು ವಾರ್ಡಿಗೆಲ್ಲ ಸಾರಲು ಎಲ್ಲರೂ ಬಯಸುವುದಿಲ್ಲ. ಶಸ್ತ್ರಚಿಕಿತ್ಸೆಗೆ ಹೋಗುವವರ ಶ್ರವಣ ಸಾಧನವನ್ನು ವಾರ್ಡಿನಲ್ಲೇ ತೆಗೆಸಿಡದೆ, ಅರಿವಳಿಕೆ ಕೊಡುವವರೆಗೂ ಇರಲು ಬಿಟ್ಟು, ಎಚ್ಚರವಾದೊಡನೆ ಮೊದಲು ಅದನ್ನೇ ಹಾಕುವಂತೆ ಥಿಯೇಟರ್ ಸಿಬ್ಬಂದಿಯೊಡನೆ ಮಾತಾಡಿ. ಹೊರರೋಗಿ ವಿಭಾಗದಲ್ಲಿ ಬರೀ ಹೆಸರು ಕೂಗಿ ಕರೆಯುವ ಪದ್ಧತಿ ಇದ್ದರೆ ಕಿವಿ ಕೇಳಿಸದವರ ಸರದಿ ಅವರಿಗೆ ಗೊತ್ತಾಗದೆ ದಾಟಿಹೋಗುತ್ತದೆ, ಟೋಕನ್ ಸಂಖ್ಯೆಯನ್ನು ಹಲಗೆಯ ಮೇಲೆ ತೋರಿಸಲು ಒಬ್ಬ ಗ್ರೂಪ್ ಡಿ ನೌಕರ ಸಾಕು. ಕಟ್ಟಡದ ವಿಷಯ ಬಂದಾಗ ಇಳಿಜಾರಿನ ಪ್ರಮಾಣ ಕೇಳಿ ನೋಡಿ: ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಇರಬೇಕು, ಅದಕ್ಕಿಂತ ಕಡಿದಾದ ರ್‍ಯಾಂಪ್ ಮೇಲೆ ಗಾಲಿಕುರ್ಚಿಯನ್ನು ತಾವೇ ತಳ್ಳಿಕೊಂಡು ಹೋಗುವುದು ಕಷ್ಟ.

ಕೊನೆಯದಾಗಿ ನಿಮ್ಮದೇ ಕಾಲೇಜಿನ ಪ್ರವೇಶದ ವಿಷಯ. 2016ರ ಕಾಯ್ದೆಯ 32ನೆಯ ಕಲಂ ಪ್ರಕಾರ ಸರಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ 40 ಪ್ರತಿಶತ ಅಥವಾ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ ಕನಿಷ್ಠ 5 ಪ್ರತಿಶತ ಸೀಟು ಮೀಸಲಿಡಬೇಕು. ನರ್ಸಿಂಗ್‌ನಲ್ಲಿ ಈ ಅವಕಾಶವನ್ನು ಮುಖ್ಯವಾಗಿ ಕಾಲಿನ ಚಲನವೈಕಲ್ಯ ಇರುವವರಿಗೆ ಸೀಮಿತಗೊಳಿಸಿಕೊಂಡು ಬರಲಾಗಿದೆ. ಈ ಮಿತಿ ಹಿಗ್ಗಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ, ಶ್ರವಣ ಸಾಧನ ಹಾಕಿಕೊಂಡ ನರ್ಸ್ ಆಂಪ್ಲಿಫೈಯರ್ ಇರುವ ಸ್ಟೆತಸ್ಕೋಪಿನಿಂದ ಎದೆಬಡಿತ ಕೇಳಬಲ್ಲಳು. ಅದು ಹಿಗ್ಗುವವರೆಗೆ, ಈಗಿರುವ ಸೀಟುಗಳಾದರೂ ಖಾಲಿ ಉಳಿಯದಂತೆ ನೋಡಿಕೊಳ್ಳುವುದು ಅಧ್ಯಾಪಕರಿಗೆ ಸಾಧ್ಯವಿರುವ ಕೆಲಸ: ಪಿಯುಸಿ ವಿಜ್ಞಾನ ಓದುತ್ತಿರುವ ಅಂಥ ಮಕ್ಕಳಿಗೆ ಈ ಮೀಸಲಾತಿ ಇದೆಯೆಂಬ ಮಾಹಿತಿಯನ್ನು ಅದೇ ವಿ.ಆರ್.ಡಬ್ಲ್ಯೂ.ಗಳ ಮೂಲಕ ಫಲಿತಾಂಶ ಬರುವ ಮೊದಲೇ ಮುಟ್ಟಿಸಿ, ಸೇರಿದ ಮೇಲೆ ನೈಟ್ ಡ್ಯೂಟಿ, ಹಾಸ್ಟೆಲ್ ಕೋಣೆ, ವಾರ್ಡಿನ ದೂರ ಇವನ್ನೆಲ್ಲ ಆ ವಿದ್ಯಾರ್ಥಿಯೊಡನೆಯೇ ಕುಳಿತು ಗೊತ್ತುಮಾಡಿ.